ಒಂದು ಸಮ್ಮೇಳನ, ಎರಡು ದೇಶ: ಹವಾಮಾನ ಮಾತುಕತೆಯ ಆತಿಥ್ಯವನ್ನು ಹಂಚಿಕೊಳ್ಳುವುದು ಎಷ್ಟರ ಮಟ್ಟಿಗೆ ಸಾಧ್ಯ?

ನೇಸರ (ಚರ್ಚೆ ಆರಂಭಿಸಿದವರು)

2026ರ ನವೆಂಬರ್‌ನಲ್ಲಿ ಟರ್ಕಿಯ ಅಂತಾಲ್ಯದಲ್ಲಿ ನಡೆಯುವಂತೆ ನಿಗದಿಯಾಗಿರುವ ವಿಶ್ವಸಂಸ್ಥೆಯ 31ನೇ ಹವಾಮಾನ ಸಮ್ಮೇಳನಕ್ಕೆ, ಅಂದರೆ ಕಾಪ್ 31ಕ್ಕೆ, ಮಾಡಿಕೊಂಡ ಏರ್ಪಾಡಿನ ಬಗ್ಗೆ ಇಲ್ಲಿ ಚರ್ಚೆಯಾಗಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ. ಆತಿಥ್ಯ ಟರ್ಕಿಯದು, ಸಮ್ಮೇಳನದ ಅಧ್ಯಕ್ಷರು ಟರ್ಕಿಯ ಸಚಿವ ಮುರಾತ್ ಕುರುಮ್. ಆದರೆ ದೇಶಗಳ ನಡುವಿನ ಸಂಧಾನವನ್ನು ನಡೆಸುವ ಅಧಿಕಾರ ಆಸ್ಟ್ರೇಲಿಯಾದ ಸಚಿವ ಕ್ರಿಸ್ ಬೋವೆನ್ ಅವರದು, ಪೂರ್ವಭಾವಿ ಸಭೆ ಪೆಸಿಫಿಕ್ ದ್ವೀಪಗಳಲ್ಲಿ. 2022ರಿಂದ ಒಂದೇ ಸ್ಥಾನಕ್ಕೆ ಪೈಪೋಟಿ ನಡೆಸಿದ ಎರಡು ದೇಶಗಳು 2025ರ ನವೆಂಬರ್‌ನಲ್ಲಿ ಬ್ರೆಜಿಲ್‌ನ ಬೆಲೆಂ ನಗರದಲ್ಲಿ, ಕಾಪ್ 30 ಮುಗಿಯುವ ಹೊತ್ತಿಗೆ, ಈ ಹಂಚಿಕೆಗೆ ಬಂದವು.

ದೇಶಗಳು ಒಂದಾಗಿ ಆತಿಥ್ಯ ವಹಿಸಿದ್ದು ಇದು ಮೊದಲ ಸಲವೇನಲ್ಲ. 2017ರಲ್ಲಿ ಫಿಜಿ ಅಧ್ಯಕ್ಷತೆ ವಹಿಸಿದಾಗ ಸಭೆ ಜರ್ಮನಿಯ ಬಾನ್‌ನಲ್ಲಿ ನಡೆಯಿತು. 2019ರಲ್ಲಿ ಚಿಲಿಯ ಅಧ್ಯಕ್ಷತೆಯ ಸಭೆ ಸ್ಪೇನಿನ ಮ್ಯಾಡ್ರಿಡ್‌ನಲ್ಲಿ ನಡೆಯಿತು. 2021ರಲ್ಲಿ ಬ್ರಿಟನ್ ಮತ್ತು ಇಟಲಿ ಜೊತೆಗೂಡಿದವು. ಯುವಜನರ ಸಭೆಯೂ ಪೂರ್ವಭಾವಿ ಸಭೆಯೂ ಮಿಲಾನ್‌ನಲ್ಲಿ, ಮುಖ್ಯ ಸಭೆ ಗ್ಲಾಸ್ಗೊದಲ್ಲಿ. ಈ ಮೂರರಲ್ಲೂ ಹಂಚಿಕೆಯಾದದ್ದು ಸ್ಥಳ, ಖರ್ಚು ಮತ್ತು ಏರ್ಪಾಡಿನ ಹೊಣೆ. ಅಧ್ಯಕ್ಷ ಪೀಠದಲ್ಲಿ ಕುಳಿತು ನಿರ್ಣಯಗಳ ಕರಡನ್ನು ಕೈಯಲ್ಲಿ ಹಿಡಿದವರು ಯಾವ ದೇಶದವರು ಎಂಬುದರಲ್ಲಿ ಯಾರಿಗೂ ಗೊಂದಲ ಇರಲಿಲ್ಲ. ಅಂತಾಲ್ಯದ ಏರ್ಪಾಡು ಆ ಪೀಠವನ್ನೇ ಎರಡು ಭಾಗ ಮಾಡುತ್ತದೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ದೇಶಗಳು ಆತಿಥ್ಯ ಹಂಚಿಕೊಳ್ಳುವುದು ಒಳ್ಳೆಯದು, ಬಡ ದೇಶಗಳಿಗೂ ಚಿಕ್ಕ ದೇಶಗಳಿಗೂ ಅಧ್ಯಕ್ಷತೆ ಸಿಗಬೇಕಾದರೆ ಅದು ಅನಿವಾರ್ಯ ಕೂಡ. ಆದರೆ ಕರಡು ಬರೆಯುವವರು ಯಾರು, ಅದನ್ನು ಯಾವಾಗ ಸಭೆಯ ಮುಂದಿಡಬೇಕೆಂದು ತೀರ್ಮಾನಿಸುವವರು ಯಾರು ಎಂಬುದು ಮುಂಚಿತವಾಗಿ ಲಿಖಿತವಾಗಿ ಇತ್ಯರ್ಥವಾಗದಿದ್ದರೆ, ಉಳಿದ ಸಹಕಾರವೆಲ್ಲ ಕೊನೆಯ ರಾತ್ರಿ ಕೈಕೊಡುತ್ತದೆ. ಈ ಪ್ರಕ್ರಿಯೆಯನ್ನು ಹತ್ತಿರದಿಂದ ಬಲ್ಲವರು ಇಲ್ಲಿ ಕೆಲವರಿದ್ದೀರಿ. ನಿಮ್ಮ ಅಭಿಪ್ರಾಯ ತಿಳಿಸಿ.

ಹೊಂಗೆ

ನೇಸರ ಅವರೇ, 2017ರ ಬಾನ್ ಸಭೆಗೆ ವೀಕ್ಷಕ ಸಂಸ್ಥೆಯೊಂದರ ಪರವಾಗಿ ಹೋಗಿದ್ದವರಲ್ಲಿ ನಾನೂ ಒಬ್ಬ. ಹಂಚಿಕೊಂಡ ಆತಿಥ್ಯ ಚೆನ್ನಾಗಿ ನಡೆದದ್ದಕ್ಕೆ ಅದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಒಂಬತ್ತು ಲಕ್ಷದಷ್ಟು ಜನಸಂಖ್ಯೆಯ ಫಿಜಿಗೆ ಇಪ್ಪತ್ತು ಸಾವಿರ ಮಂದಿಯ ಸಭೆಯನ್ನು ತನ್ನ ನೆಲದಲ್ಲಿ ನಡೆಸುವುದು ಆಗದ ಮಾತಾಗಿತ್ತು. 2016ರ ಫೆಬ್ರುವರಿಯಲ್ಲಿ ವಿನ್‌ಸ್ಟನ್ ಚಂಡಮಾರುತ ಆ ದೇಶವನ್ನು ಹಾಳುಗೆಡವಿ ಆಗಿನ್ನೂ ಎರಡು ವರ್ಷ ತುಂಬಿರಲಿಲ್ಲ. ಅಂಥ ದೇಶ ಅಧ್ಯಕ್ಷ ಸ್ಥಾನದಲ್ಲಿ ಕೂರುವುದಕ್ಕೆ ಜರ್ಮನಿ ಸಭಾಂಗಣ, ಭದ್ರತೆ, ಸಾರಿಗೆ ಮತ್ತು ಖರ್ಚಿನ ದೊಡ್ಡ ಪಾಲನ್ನು ಹೊತ್ತುಕೊಂಡಿತು. ವಿಶ್ವಸಂಸ್ಥೆಯ ಹವಾಮಾನ ಒಪ್ಪಂದದ ಸಚಿವಾಲಯ 1996ರಿಂದ ಬಾನ್‌ನಲ್ಲೇ ಇರುವುದರಿಂದ ಆ ಊರಿಗೆ ಇಂಥ ಸಭೆಗಳ ಅಭ್ಯಾಸವೂ ಇತ್ತು.

ಸಭಾಪ್ರದೇಶವನ್ನು ಎರಡು ವಲಯ ಮಾಡಿದ್ದರು. ಸಂಧಾನ ನಡೆಯುವ ಕಟ್ಟಡಗಳಿಗೆ 'ಬುಲಾ ವಲಯ' ಎಂದು ಫಿಜಿಯನ್ನರ ನಮಸ್ಕಾರದ ಮಾತಿನಿಂದ ಹೆಸರಿಟ್ಟಿದ್ದರು. ಪ್ರದರ್ಶನಗಳು ಮತ್ತು ಬದಿಯ ಕಾರ್ಯಕ್ರಮಗಳು ರೈನ್ ದಂಡೆಯ ಉದ್ಯಾನದಲ್ಲಿ ಎಬ್ಬಿಸಿದ ದೊಡ್ಡ ಡೇರೆಗಳಲ್ಲಿ ನಡೆಯುತ್ತಿದ್ದವು, ಅದು 'ಬಾನ್ ವಲಯ'. ನಡುವಿನ ದಾರಿಯಲ್ಲಿ ಬಸ್ಸುಗಳು ಓಡಾಡುತ್ತಿದ್ದವು, ಸೈಕಲ್ಲುಗಳನ್ನೂ ಇಟ್ಟಿದ್ದರು. ನವೆಂಬರ್ ಮಳೆಯಲ್ಲಿ ಕೊಡೆ ಹಿಡಿದು ಬಸ್ಸಿಗೆ ಕಾಯುತ್ತಿದ್ದಾಗ, ಸಂಧಾನದ ಕೋಣೆಯಿಂದ ನಮ್ಮಂಥವರನ್ನು ದೂರ ಇಟ್ಟುಬಿಟ್ಟರಲ್ಲ ಎಂಬ ದೂರು ಪ್ರತಿದಿನ ಕೇಳಿಬರುತ್ತಿತ್ತು. ಆ ದೂರಿನಲ್ಲಿ ನ್ಯಾಯವಿತ್ತು. ಆದರೆ ಬುಲಾ ವಲಯದ ಒಳಗೆ ಹೋದರೆ ಅಧ್ಯಕ್ಷತೆ ಯಾರದೆಂಬುದು ಸ್ಪಷ್ಟವಾಗಿ ಕಾಣುತ್ತಿತ್ತು. ಬಾಗಿಲಲ್ಲೇ ಫಿಜಿಯ ಸಾಂಪ್ರದಾಯಿಕ ದೋಣಿಯೊಂದನ್ನು ನಿಲ್ಲಿಸಿದ್ದರು. ಪ್ರಧಾನಿ ಫ್ರ್ಯಾಂಕ್ ಬೈನಿಮರಾಮ ಪೀಠದಲ್ಲಿದ್ದರು, ಮುಖ್ಯ ಸಂಧಾನಕಾರರಾಗಿ ನಜ಼ತ್ ಶಮೀಮ್ ಖಾನ್ ನಿಯೋಗಗಳ ನಡುವೆ ಓಡಾಡುತ್ತಿದ್ದರು. ಕರಡಿನ ಒಂದು ಸಾಲನ್ನೂ ಜರ್ಮನಿ ತನ್ನದೆಂದು ಹೇಳಿಕೊಂಡದ್ದನ್ನು ನಾನು ಕೇಳಲಿಲ್ಲ.

ಫಲಿತಾಂಶದಲ್ಲೂ ಫಿಜಿಯ ಗುರುತು ಉಳಿದಿದೆ. ಕೃಷಿಯ ಬಗ್ಗೆ ವರ್ಷಗಟ್ಟಲೆ ಎಳೆದಾಡಿದ ಚರ್ಚೆ ಅಲ್ಲಿ ಒಂದು ದಡ ಮುಟ್ಟಿ, ಫಿಜಿಯ ಕೊರೊನಿವಿಯಾ ಎಂಬ ಊರಿನ ಹೆಸರಿನ ಕಾರ್ಯಕ್ರಮವಾಯಿತು. ಲಿಂಗ ಸಮಾನತೆಯ ಕ್ರಿಯಾ ಯೋಜನೆಗೂ ಅಲ್ಲೇ ಅಂಗೀಕಾರ ಸಿಕ್ಕಿತು. ಪರಸ್ಪರ ದೂಷಣೆಯಿಲ್ಲದೆ ಅನುಭವ ಹೇಳಿಕೊಳ್ಳುವ ಪೆಸಿಫಿಕ್ ಪದ್ಧತಿಯಾದ 'ತಲನೋವ' ಮುಂದಿನ ಇಡೀ ವರ್ಷದ ಸಂವಾದಕ್ಕೆ ಚೌಕಟ್ಟಾಯಿತು.

ಅಲೆಮಾರಿ

ಹೊಂಗೆ ಅವರು ಹೇಳಿದ್ದು ನಿಜ, ಆದರೆ ಬಾನ್ ಸಭೆಗೆ ಒಂದು ವರ್ಷದ ಸಿದ್ಧತೆ ಇತ್ತೆಂಬುದನ್ನು ಮರೆಯಬಾರದು. ಆ ಕಾಲಾವಕಾಶ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ 2019ನ್ನು ನೋಡಬೇಕು.

ಆ ವರ್ಷದ ಸಭೆ ಬ್ರೆಜಿಲ್‌ನಲ್ಲಿ ಆಗಬೇಕಿತ್ತು. 2018ರ ನವೆಂಬರ್‌ನಲ್ಲಿ ಬ್ರೆಜಿಲ್ ಹಿಂದೆ ಸರಿಯಿತು, ಚಿಲಿ ಮುಂದೆ ಬಂತು, ಪೂರ್ವಭಾವಿ ಸಭೆಯನ್ನು ಕೋಸ್ಟರಿಕಾ ವಹಿಸಿಕೊಂಡು ಅಕ್ಟೋಬರ್ ಆರಂಭದಲ್ಲಿ ಸ್ಯಾನ್ ಹೋಸೆಯಲ್ಲಿ ನಡೆಸಿಯೂ ಕೊಟ್ಟಿತು. ಅದಾದ ಕೆಲವೇ ದಿನಗಳಲ್ಲಿ ಸಾಂಟಿಯಾಗೊದಲ್ಲಿ ಮೆಟ್ರೊ ದರ ಏರಿಕೆಯಿಂದ ಶುರುವಾದ ಪ್ರತಿಭಟನೆ ಇಡೀ ದೇಶಕ್ಕೆ ಹಬ್ಬಿತು. ಅಕ್ಟೋಬರ್ 30ರಂದು ಅಧ್ಯಕ್ಷ ಸೆಬಾಸ್ಟಿಯನ್ ಪಿನೆರಾ ಸಭೆ ನಡೆಸಲಾಗದು ಎಂದರು. ಮರುದಿನವೇ ಸ್ಪೇನ್ ಮ್ಯಾಡ್ರಿಡ್ ನಗರವನ್ನು ಮುಂದಿಟ್ಟಿತು, ನವೆಂಬರ್ 1ರಂದು ಪ್ರಾದೇಶಿಕ ಗುಂಪುಗಳ ಪ್ರತಿನಿಧಿಗಳಿರುವ ಸಮಿತಿಯಾದ ಬ್ಯೂರೊ ಒಪ್ಪಿತು, ಡಿಸೆಂಬರ್ 2ರಂದು ಸಭೆ ಆರಂಭವಾಯಿತು. ಒಂದು ತಿಂಗಳಲ್ಲಿ ಅಷ್ಟು ದೊಡ್ಡ ಸಭೆಯನ್ನು ಎತ್ತಿ ನಿಲ್ಲಿಸಿದ ಸ್ಪೇನಿನ ಅಧಿಕಾರಿಗಳ ಮತ್ತು ಕೆಲಸಗಾರರ ಬಗ್ಗೆ ನನಗೆ ಅಪಾರ ಗೌರವವಿದೆ. ಸಭೆ ರದ್ದಾಗಿದ್ದರೆ ಪ್ಯಾರಿಸ್ ಒಪ್ಪಂದದಡಿ ದೇಶಗಳು ಕೊಟ್ಟ ವಾಗ್ದಾನಗಳ ಅನುಷ್ಠಾನ ಶುರುವಾಗಬೇಕಿದ್ದ ವರ್ಷದ ಹೊಸ್ತಿಲಲ್ಲೇ ಮಾತುಕತೆ ಮುರಿದುಬಿದ್ದಂತಾಗುತ್ತಿತ್ತು.

ಆದರೆ ಆ ವರ್ಗಾವಣೆಯ ಬೆಲೆ ತೆತ್ತವರು ಯಾರು? ಸಾಂಟಿಯಾಗೊಗೆ ಬಸ್ಸಿನಲ್ಲಾದರೂ ಹೋಗಬಹುದೆಂದುಕೊಂಡಿದ್ದ ದಕ್ಷಿಣ ಅಮೆರಿಕದ ಮೂಲನಿವಾಸಿ ಸಮುದಾಯಗಳು ಮತ್ತು ಸಣ್ಣ ಸಂಘಟನೆಗಳು ಅಟ್ಲಾಂಟಿಕ್ ದಾಟುವ ವಿಮಾನದ ಟಿಕೆಟಿಗೆ ಹಣ ಎಲ್ಲಿಂದ ತರಬೇಕಿತ್ತು? ವಿಮಾನ ಹತ್ತದೆ ಹಾಯಿದೋಣಿಯಲ್ಲಿ ಅಮೆರಿಕಕ್ಕೆ ಬಂದಿದ್ದ ಗ್ರೇಟಾ ಥುನ್‌ಬರ್ಗ್ ಮತ್ತೆ ದೋಣಿಯಲ್ಲೇ ಲಿಸ್ಬನ್‌ಗೆ ಮರಳಿದ್ದು ಎಲ್ಲ ಪತ್ರಿಕೆಗಳಲ್ಲೂ ಬಂತು. ಬರಲಾಗದೆ ಉಳಿದುಹೋದವರ ಸುದ್ದಿ ಅಷ್ಟು ಬರಲಿಲ್ಲ.

ನೇಸರ ಅವರು ಎತ್ತಿದ ಪೀಠದ ಪ್ರಶ್ನೆಯೂ ಅಲ್ಲಿ ಕಾಣಿಸಿಕೊಂಡಿತು. ಅಧ್ಯಕ್ಷತೆ ಚಿಲಿಯ ಸಚಿವೆ ಕರೊಲಿನಾ ಶ್ಮಿಟ್ ಅವರದು. ಅವರ ತಂಡದ ಮನಸ್ಸಿನ ಅರ್ಧ ಭಾಗ ತಮ್ಮ ದೇಶದ ಬೀದಿಗಳಲ್ಲೇ ಇದ್ದಿರಬೇಕು. ಕೊನೆಯ ಹಂತದ ಕರಡು ತೀರಾ ದುರ್ಬಲವಾಗಿದೆ ಎಂದು ಅನೇಕ ದೇಶಗಳು ತಿರಸ್ಕರಿಸಿದಾಗ ಸ್ಪೇನಿನ ಸಚಿವೆ ತೆರೇಸಾ ರಿಬೇರಾ ಅವರ ನೆರವನ್ನು ಕೇಳಬೇಕಾಯಿತು. ಶುಕ್ರವಾರ ಮುಗಿಯಬೇಕಿದ್ದ ಸಭೆ ಡಿಸೆಂಬರ್ 15ರ ಭಾನುವಾರ ಮುಗಿಯಿತು, ದೇಶಗಳು ಇಂಗಾಲ ಕಡಿತವನ್ನು ಕೊಂಡು ಮಾರುವ ಇಂಗಾಲ ಮಾರುಕಟ್ಟೆಯ ನಿಯಮಗಳು ಮುಂದಿನ ಸಭೆಗೆ ಹೋದವು. ಇದಕ್ಕೆಲ್ಲ ಹಂಚಿಕೆಯ ಆತಿಥ್ಯವೇ ಕಾರಣ ಎಂದು ನಾನು ಹೇಳುವುದಿಲ್ಲ. ದೊಡ್ಡ ಮಾಲಿನ್ಯಕಾರಕ ದೇಶಗಳ ಹಟವೇ ಮುಖ್ಯ ಕಾರಣ. ಆದರೂ ದಣಿದ ಅಧ್ಯಕ್ಷತೆಗೆ ಹಟಮಾರಿಗಳನ್ನು ಬಗ್ಗಿಸುವ ಶಕ್ತಿ ಇರುವುದಿಲ್ಲ.

ಕಡತ

ಪೀಠ ಯಾಕೆ ಇಷ್ಟು ಮುಖ್ಯ ಎಂಬುದನ್ನು ನಿಯಮಗಳ ಕಡೆಯಿಂದ ಸ್ವಲ್ಪ ವಿವರಿಸುತ್ತೇನೆ, ಏಕೆಂದರೆ ಹೊರಗಿನಿಂದ ನೋಡುವವರಿಗೆ ಅಧ್ಯಕ್ಷರೆಂದರೆ ಭಾಷಣ ಮಾಡಿ ಸುತ್ತಿಗೆ ಬಡಿಯುವವರು ಎಂದಷ್ಟೇ ಕಾಣುತ್ತದೆ.

1995ರಲ್ಲಿ ಬರ್ಲಿನ್‌ನ ಮೊದಲ ಸಮ್ಮೇಳನದಲ್ಲಿ ನಿಯಮಾವಳಿಯನ್ನು ಅಂಗೀಕರಿಸಲು ಹೋದಾಗ ಮತದಾನಕ್ಕೆ ಸಂಬಂಧಿಸಿದ 42ನೇ ನಿಯಮದ ಮೇಲೆ ಒಪ್ಪಿಗೆಯಾಗಲಿಲ್ಲ. ಇಂದಿಗೂ ಆಗಿಲ್ಲ. ಹಾಗಾಗಿ ಇಡೀ ನಿಯಮಾವಳಿ ಕರಡಿನ ರೂಪದಲ್ಲೇ, ಆ ಒಂದು ನಿಯಮವನ್ನು ಬಿಟ್ಟು, ಅನ್ವಯವಾಗುತ್ತಾ ಬಂದಿದೆ. ಮತ ಹಾಕಿ ತೀರ್ಮಾನಿಸುವ ದಾರಿ ಇಲ್ಲದಿರುವುದರಿಂದ ಎಲ್ಲವೂ ಒಮ್ಮತದ ಮೇಲೆ ನಿಂತಿದೆ, ಮತ್ತು ಒಮ್ಮತ ಮೂಡಿದೆಯೇ ಇಲ್ಲವೇ ಎಂದು ಆ ಕ್ಷಣದಲ್ಲಿ ನಿರ್ಣಯಿಸುವವರು ಪೀಠದಲ್ಲಿ ಕುಳಿತ ಒಬ್ಬ ವ್ಯಕ್ತಿ. 2010ರಲ್ಲಿ ಕ್ಯಾನ್‌ಕೂನ್‌ನಲ್ಲಿ ಬೊಲಿವಿಯಾ ಒಂದೇ ದೇಶ ವಿರೋಧಿಸಿದಾಗ ಮೆಕ್ಸಿಕೊದ ಪೆಟ್ರೀಸಿಯಾ ಎಸ್ಪಿನೋಸಾ, ಒಮ್ಮತವೆಂದರೆ ಒಂದು ದೇಶಕ್ಕೆ ಸಿಗುವ ವೀಟೊ ಅಧಿಕಾರವಲ್ಲ ಎಂಬ ನಿಲುವು ತಳೆದು ನಿರ್ಣಯವನ್ನು ಅಂಗೀಕೃತವೆಂದು ಘೋಷಿಸಿದರು. ಸಭೆ ಎದ್ದುನಿಂತು ಚಪ್ಪಾಳೆ ತಟ್ಟಿತು. ಎರಡು ವರ್ಷಗಳ ನಂತರ ದೋಹಾದಲ್ಲಿ ಕತಾರಿನ ಅಬ್ದುಲ್ಲಾ ಅಲ್ ಅತ್ತಿಯಾ ರಷ್ಯಾದ ಆಕ್ಷೇಪಕ್ಕೆ ಅವಕಾಶ ಕೊಡದೆ ಒಂದರ ಹಿಂದೊಂದು ನಿರ್ಣಯಕ್ಕೆ ಸುತ್ತಿಗೆ ಬಡಿದರು. ಅದರ ಪರಿಣಾಮವಾಗಿ 2013ರ ಜೂನ್‌ನಲ್ಲಿ ಬಾನ್‌ನಲ್ಲಿ ಸೇರಿದ, ನಿರ್ಣಯಗಳ ಜಾರಿಯನ್ನು ಚರ್ಚಿಸುವ ಅನುಷ್ಠಾನದ ಅಂಗಸಂಸ್ಥೆ, ರಷ್ಯಾ, ಬೆಲಾರೂಸ್ ಮತ್ತು ಉಕ್ರೇನ್ ಕಾರ್ಯಸೂಚಿಯನ್ನೇ ತಡೆಹಿಡಿದಿದ್ದರಿಂದ, ಕೆಲಸ ಶುರುಮಾಡಲಾಗದೆ ಎರಡು ವಾರ ಕಳೆದುಕೊಂಡಿತು. ಎರಡೂ ಕಡೆ ಮಾಡಿದ್ದು ಹೆಚ್ಚುಕಡಿಮೆ ಒಂದೇ ಕೆಲಸ. ಎಸ್ಪಿನೋಸಾ ಅವರ ವಿಷಯದಲ್ಲಿ ವರ್ಷವಿಡೀ ಗಳಿಸಿಟ್ಟ ನಂಬಿಕೆ ಅವರ ಬೆನ್ನಿಗಿತ್ತು.

ಆ ನಂಬಿಕೆ ಒಡೆದರೆ ಒಂದೇ ದೇಶದೊಳಗಿನ ಇಬ್ಬಗೆಯೂ ಸಾಕಾಗುತ್ತದೆ. 2009ರಲ್ಲಿ ಕೋಪನ್‌ಹೇಗನ್‌ನಲ್ಲಿ ಸಚಿವೆ ಕೊನ್ನಿ ಹೆಡೆಗೋರ್ ಅಧ್ಯಕ್ಷರಾಗಿದ್ದರು. ಪ್ರಧಾನಿಯ ಕಚೇರಿ ತನ್ನದೇ ದಾರಿಯಲ್ಲಿ ಹೊರಟಿತ್ತು. ಸಭೆಯ ಆರಂಭದಲ್ಲೇ ಡೆನ್ಮಾರ್ಕಿನ ಗುಪ್ತ ಕರಡು ಸೋರಿಕೆಯಾಗಿ ಬಡ ದೇಶಗಳು ಸಿಟ್ಟಿಗೆದ್ದವು. ನಡುವೆಯೇ ಹೆಡೆಗೋರ್ ಪೀಠ ಬಿಟ್ಟರು, ಪ್ರಧಾನಿ ಲಾರ್ಸ್ ಲೊಕೆ ರಾಸ್ಮುಸೆನ್ ಬಂದು ಕುಳಿತರು. ಕೊನೆಗೆ ಸಭೆ, ಕೆಲವು ದೇಶಗಳ ನಾಯಕರು ಅಲ್ಲಿ ರೂಪಿಸಿದ ಕೋಪನ್‌ಹೇಗನ್ ಒಡಂಬಡಿಕೆಯನ್ನು ಅಂಗೀಕರಿಸದೆ, ಕೇವಲ ಗಮನಕ್ಕೆ ತೆಗೆದುಕೊಂಡಿತು.

ಅಂತಾಲ್ಯದ ಒಪ್ಪಂದವನ್ನು ಈ ಹಿನ್ನೆಲೆಯಲ್ಲಿ ಓದಿ. ಸಂಧಾನಗಳ ವಿಷಯದಲ್ಲಿ ಪೂರ್ಣ ಅಧಿಕಾರ ಆಸ್ಟ್ರೇಲಿಯಾಕ್ಕೆ. ಸಂಚಾಲಕರನ್ನು ನೇಮಿಸುವುದು, ಕರಡು ಸಿದ್ಧಪಡಿಸುವುದು ಅದರ ಕೆಲಸ. ಎರಡು ದೇಶಗಳ ನಡುವೆ ಭಿನ್ನಾಭಿಪ್ರಾಯ ಬಂದರೆ, ಇಬ್ಬರಿಗೂ ಸಮಾಧಾನವಾಗುವವರೆಗೆ ಸಮಾಲೋಚನೆ ನಡೆಯುತ್ತದೆ. ನನ್ನನ್ನು ಕಾಡುವುದು ಈ ಕೊನೆಯ ಅಂಶ. ಸಮ್ಮೇಳನದ ಕೊನೆಯ ರಾತ್ರಿ ಬೆಳಗಿನ ಜಾವ ನಾಲ್ಕು ಗಂಟೆಗೆ, ಅನುವಾದಕರ ಪಾಳಿ ಮುಗಿಯುತ್ತಿರುವಾಗ, ನಿಯೋಗಗಳು ವಿಮಾನ ಹಿಡಿಯಲು ಹೊರಡುತ್ತಿರುವಾಗ, ಸಮಾಧಾನವಾಗುವವರೆಗೆ ಕಾಯುವ ಸಮಯ ಯಾರ ಬಳಿಯೂ ಇರುವುದಿಲ್ಲ.

ಸಿಂಪಿ

ಇಷ್ಟೆಲ್ಲ ತೊಡಕು ಯಾಕೆ ಎಂಬುದು ನನ್ನ ಪ್ರಶ್ನೆ. ಸಚಿವಾಲಯ ಬಾನ್‌ನಲ್ಲಿದೆ, ಪ್ರತಿ ಜೂನ್‌ನಲ್ಲಿ ಅಂಗಸಂಸ್ಥೆಗಳ ಸಭೆ ಅಲ್ಲೇ ಆಗುತ್ತದೆ. ಸಮ್ಮೇಳನವನ್ನೂ ಪ್ರತಿವರ್ಷ ಅಲ್ಲೇ ನಡೆಸಿ, ಅಧ್ಯಕ್ಷತೆಯನ್ನು ಮಾತ್ರ ಸರದಿಯ ಮೇಲೆ ದೇಶದಿಂದ ದೇಶಕ್ಕೆ ಕೊಡಬಹುದಲ್ಲ. ಹೊಸ ಕಟ್ಟಡ, ಹೊಸ ರಸ್ತೆ, ಹೋಟೆಲಿನ ಸುಲಿಗೆ ಎಲ್ಲವೂ ತಪ್ಪುತ್ತದೆ.

ಹೊಂಗೆ

ಸಿಂಪಿ ಅವರೇ, ಯಾರೂ ಆತಿಥ್ಯಕ್ಕೆ ಬರದಿದ್ದರೆ ಸಭೆ ಸಚಿವಾಲಯ ಇರುವಲ್ಲೇ ನಡೆಯಬೇಕೆಂಬುದು ನಿಯಮಾವಳಿಯಲ್ಲೇ ಇದೆ. ಅಂತಾಲ್ಯದ ಪೈಪೋಟಿ ಬಗೆಹರಿಯದಿದ್ದರೆ ಕಾಪ್ 31 ಬಾನ್‌ಗೆ ಹೋಗುತ್ತಿತ್ತು, ಅದು ತನಗೆ ಇಷ್ಟವಿಲ್ಲದ ಹೊರೆ ಎಂಬುದನ್ನು ಜರ್ಮನಿ ಬಹಿರಂಗವಾಗಿಯೇ ತಿಳಿಸಿತ್ತು. ವಿಶ್ವಸಂಸ್ಥೆಯ ಮಹಾಸಭೆಯ 1985ರ 40/243ನೇ ನಿರ್ಣಯದ ಪ್ರಕಾರ, ಕೇಂದ್ರ ಕಚೇರಿಯ ಆಚೆ ಸಭೆ ಕರೆಯುವ ಸರ್ಕಾರ ಅದರಿಂದಾಗುವ ಹೆಚ್ಚುವರಿ ಖರ್ಚನ್ನು ಭರಿಸಬೇಕು. ಸಭೆ ಪ್ರತಿವರ್ಷ ಬಾನ್‌ನಲ್ಲೇ ಆದರೆ ಆ ಖರ್ಚಿಗೆ ಯಜಮಾನರೇ ಇರುವುದಿಲ್ಲ. 2023ರಲ್ಲಿ ದುಬೈಗೆ 80 ಸಾವಿರಕ್ಕೂ ಹೆಚ್ಚು ಮಂದಿ ಬಂದಿದ್ದರು. ಬಾನ್‌ನಂಥ ಮಧ್ಯಮ ಗಾತ್ರದ ನಗರಕ್ಕೆ ಅದು ನಿಲುಕದ ಸಂಖ್ಯೆ.

ಆದರೂ ನಿಮ್ಮ ಪ್ರಶ್ನೆಯಲ್ಲಿರುವ ಹೋಟೆಲಿನ ಮಾತು ತಳ್ಳಿಹಾಕುವಂಥದ್ದಲ್ಲ. 2025ರ ಜುಲೈ ಕೊನೆಯಲ್ಲಿ ಬೆಲೆಂನ ಕೋಣೆ ಬಾಡಿಗೆಯ ಬಗ್ಗೆ ಬ್ಯೂರೊ ತುರ್ತು ಸಭೆ ಸೇರಬೇಕಾಯಿತು. ಅತಿ ಹಿಂದುಳಿದ ದೇಶಗಳಿಗೆ ವಿಶ್ವಸಂಸ್ಥೆ ಕೊಡುವ ದಿನಭತ್ಯೆ ಅಲ್ಲಿಯ ಒಂದು ರಾತ್ರಿಯ ಬಾಡಿಗೆಗೂ ಸಾಲುತ್ತಿರಲಿಲ್ಲ. ಬ್ರೆಜಿಲ್ ಎರಡು ಪ್ರವಾಸಿ ಹಡಗುಗಳನ್ನು ತರಿಸಿ ನಿಲ್ಲಿಸಿತು, ಬಡ ದೇಶಗಳಿಗೆ ಕಡಿಮೆ ದರದ ಕೋಣೆಗಳನ್ನು ಮೀಸಲಿಟ್ಟಿತು, ದೇಶನಾಯಕರ ಸಭೆಯನ್ನು ಮುಖ್ಯ ಸಭೆಗೆ ಮೊದಲೇ, ನವೆಂಬರ್ 6 ಮತ್ತು 7ರಂದು, ಮುಗಿಸಿ ಜನಸಂದಣಿಯನ್ನು ಒಡೆಯಿತು. ಅಮೆಜಾನ್ ಕಾಡಿನ ಬಾಗಿಲಲ್ಲಿ ಸಭೆ ನಡೆಯಬೇಕೆಂಬ ಆಸೆಯನ್ನು ನಾನು ಮನಸಾರೆ ಗೌರವಿಸುತ್ತೇನೆ. ಮೂಲನಿವಾಸಿಗಳು ಅಷ್ಟು ದೊಡ್ಡ ಸಂಖ್ಯೆಯಲ್ಲಿ ಸಭೆಯ ಬಾಗಿಲವರೆಗೆ ಬಂದದ್ದು ಅದು ಬೆಲೆಂ ಆಗಿದ್ದರಿಂದಲೇ. ಅದೇ ಸಭೆ ಬಾನ್‌ನಲ್ಲಿ ಆಗಿದ್ದರೆ ಅವರಲ್ಲಿ ಎಷ್ಟು ಮಂದಿಗೆ ಬರಲು ಆಗುತ್ತಿತ್ತು? ನಾನು ಕೇಳುವುದಿಷ್ಟೇ: ನೆರೆಯ ದೇಶವೊಂದು ಪೂರ್ವಭಾವಿ ಸಭೆಯನ್ನೋ ನಾಯಕರ ಸಭೆಯನ್ನೋ ಮೊದಲಿನಿಂದಲೇ ವಹಿಸಿಕೊಂಡಿದ್ದರೆ ಆ ನಗರದ ಮೇಲಿನ ಹೊರೆ ಎಷ್ಟೋ ಇಳಿಯುತ್ತಿರಲಿಲ್ಲವೇ?

ಮೂಡಣ

ಕಡತ ಅವರು ನಿಯಮ ನೋಡಿದರು, ನಾನು ಪೆಸಿಫಿಕ್ ಕಡೆಯಿಂದ ನೋಡುತ್ತೇನೆ. ಆಸ್ಟ್ರೇಲಿಯಾ ತನ್ನ ಬೇಡಿಕೆಯನ್ನು ಮೊದಲಿನಿಂದಲೂ ಪೆಸಿಫಿಕ್ ದ್ವೀಪಗಳ ಜೊತೆಗೂಡಿ ಮುಂದಿಟ್ಟಿತ್ತು, ಸಭೆ ಅಡಿಲೇಡ್‌ನಲ್ಲಿ ಆಗಬೇಕಿತ್ತು. ತುವಾಲು, ಕಿರಿಬಾಟಿ, ಮಾರ್ಷಲ್ ದ್ವೀಪಗಳಂಥ ದೇಶಗಳ ಪಾಲಿಗೆ ಸಮುದ್ರಮಟ್ಟ ಏರುವುದೆಂದರೆ ನಕಾಶೆಯಿಂದ ಅಳಿಸಿಹೋಗುವ ಭಯ. ಜಗತ್ತಿನ ಸಚಿವರೆಲ್ಲ ಒಮ್ಮೆ ತಮ್ಮ ಭಾಗಕ್ಕೆ ಬಂದು ನೋಡಲಿ ಎಂಬ ಅವರ ಬಯಕೆ ಎರಡು ಶ್ರೀಮಂತ ದೇಶಗಳ ಚೌಕಾಸಿಯಲ್ಲಿ ಒಂದು ಪೂರ್ವಭಾವಿ ಸಭೆಗೆ ಇಳಿಯಿತು. ಪಪುವಾ ನ್ಯೂಗಿನಿಯ ವಿದೇಶಾಂಗ ಸಚಿವರು ತಮ್ಮ ಅಸಮಾಧಾನವನ್ನು ಮುಚ್ಚಿಡಲಿಲ್ಲ. ಪ್ರತಿಸ್ಪರ್ಧಿಗಳು ಪಂಚಾಯಿತಿ ಮಾಡಿಕೊಂಡದ್ದನ್ನು ಸಹಕಾರ ಎಂದು ಕರೆಯುವಾಗ, ಆ ಪಂಚಾಯಿತಿಯಲ್ಲಿ ಮಾತಿಗೆ ಅವಕಾಶವೇ ಸಿಗದವರನ್ನು ನೆನೆಯಬೇಕು.

ಇದರ ಎದುರಿಗೆ ಪೆರು ಮತ್ತು ಫ್ರಾನ್ಸ್ ನಡೆದುಕೊಂಡ ರೀತಿ ನೋಡಿ. 2014ರ ಸಭೆ ಲಿಮಾದಲ್ಲಿ, 2015ರ ಸಭೆ ಪ್ಯಾರಿಸ್‌ನಲ್ಲಿ. ಪೆರುವಿನ ಸಚಿವ ಮಾನುವೆಲ್ ಪುಲ್ಗಾರ್ ವಿದಾಲ್ ಮತ್ತು ಫ್ರಾನ್ಸಿನ ಲೊರಾಂ ಫಾಬಿಯುಸ್ ಎರಡು ವರ್ಷಗಳ ಕೆಲಸವನ್ನು ಒಂದೇ ಕೆಲಸವೆಂದು ತಿಳಿದು ನಡೆಸಿದರು. ನಗರಗಳು, ಕಂಪನಿಗಳು, ಸಂಘಸಂಸ್ಥೆಗಳನ್ನು ಒಳಗೆ ತರುವ ಲಿಮಾ–ಪ್ಯಾರಿಸ್ ಕಾರ್ಯಸೂಚಿ ಆ ಜೊತೆಗಾರಿಕೆಯ ಫಲ. 2015ರ ಡಿಸೆಂಬರ್ 12ರಂದು ಫಾಬಿಯುಸ್ ಬಡಿದ ಸುತ್ತಿಗೆಯ ಹಿಂದೆ ಲಿಮಾದಲ್ಲಿ ಬಿತ್ತಿದ ವಿಶ್ವಾಸವಿತ್ತು. ಒಂದೇ ಪೀಠವನ್ನು ಹಂಚಿಕೊಳ್ಳುವ ಬದಲು ಒಂದರ ಹಿಂದೊಂದು ಬರುವ ಎರಡು ಪೀಠಗಳು ಕೈಜೋಡಿಸುವುದು ನನ್ನ ಮಟ್ಟಿಗೆ ಹೆಚ್ಚು ಬೆಲೆಯುಳ್ಳ ಸಹಕಾರ.

ನೇಸರ

ಮೂಡಣ ಅವರ ಕೊನೆಯ ಮಾತನ್ನು ಪೂರ್ತಿ ಒಪ್ಪುತ್ತೇನೆ. ಆದರೆ ಪ್ರತಿಸ್ಪರ್ಧಿಗಳ ಪಂಚಾಯಿತಿಯನ್ನು ಅಷ್ಟು ಹಗುರವಾಗಿ ನೋಡಲಾರೆ.

ಆತಿಥ್ಯ ವಿಶ್ವಸಂಸ್ಥೆಯ ಪ್ರಾದೇಶಿಕ ಗುಂಪುಗಳ ನಡುವೆ ಸುತ್ತುತ್ತದೆ, 2024ರ ಸಭೆಯ ಸರದಿ ಪೂರ್ವ ಯುರೋಪಿನ ಗುಂಪಿನದಾಗಿತ್ತು. ಆತಿಥೇಯ ದೇಶವನ್ನು ಗುಂಪು ಒಮ್ಮತದಿಂದ ಆರಿಸಬೇಕು. ಉಕ್ರೇನ್ ಯುದ್ಧದ ಹಿನ್ನೆಲೆಯಲ್ಲಿ ಯುರೋಪಿಯನ್ ಒಕ್ಕೂಟದ ಯಾವ ದೇಶವನ್ನೂ ರಷ್ಯಾ ಒಪ್ಪಲಿಲ್ಲ. ಉಳಿದ ಅರ್ಮೇನಿಯಾ ಮತ್ತು ಅಜರ್‌ಬೈಜಾನ್ ಪರಸ್ಪರ ತಡೆದವು. 2023ರ ಡಿಸೆಂಬರ್ 7ರಂದು, ದುಬೈ ಸಭೆ ನಡೆಯುತ್ತಿರುವಾಗಲೇ, ಆ ಎರಡು ದೇಶಗಳಿಂದ ಜಂಟಿ ಹೇಳಿಕೆ ಬಂತು: ಅಜರ್‌ಬೈಜಾನ್ 32 ಅರ್ಮೇನಿಯನ್ ಸೈನಿಕರನ್ನು ಬಿಡುಗಡೆ ಮಾಡುತ್ತದೆ, ಅರ್ಮೇನಿಯಾ ಇಬ್ಬರನ್ನು ಬಿಡುತ್ತದೆ, ಅರ್ಮೇನಿಯಾ ತನ್ನ ಬೇಡಿಕೆಯನ್ನು ಹಿಂತೆಗೆದುಕೊಂಡು ಅಜರ್‌ಬೈಜಾನನ್ನು ಬೆಂಬಲಿಸುತ್ತದೆ, ಬ್ಯೂರೊ ಸದಸ್ಯತ್ವಕ್ಕೆ ಅರ್ಮೇನಿಯಾವನ್ನು ಅಜರ್‌ಬೈಜಾನ್ ಬೆಂಬಲಿಸುತ್ತದೆ. ಮೂವತ್ತು ವರ್ಷ ಬಡಿದಾಡಿಕೊಂಡ ನೆರೆಹೊರೆಯವರ ನಡುವೆ ಒಂದು ಹವಾಮಾನ ಸಭೆಯ ಆತಿಥ್ಯದ ನೆಪದಲ್ಲಿ 34 ಮಂದಿ ತಮ್ಮ ಮನೆ ಸೇರಿದರು. ಆ ಎರಡು ದೇಶಗಳ ಜಗಳದ ನೆಲವಾದ ನಾಗೊರ್ನೊ ಕಾರಬಾಖ್‌ನಿಂದ ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಓಡಿಬಂದ ಲಕ್ಷದಷ್ಟು ಜನರ ಗಾಯ ಅದರಿಂದ ಮಾಯಲಿಲ್ಲ ಎಂಬುದು ನನಗೆ ಗೊತ್ತಿದೆ. ಆದರೂ ಆ 34 ಕುಟುಂಬಗಳನ್ನು ಲೆಕ್ಕದಿಂದ ಬಿಡಲು ಮನಸ್ಸು ಬರುವುದಿಲ್ಲ.

ಅದರ ಇನ್ನೊಂದು ಮುಖವನ್ನೂ ಹೇಳಬೇಕು. ತೀರ್ಮಾನ ತಡವಾಗಿದ್ದರಿಂದ ಅಜರ್‌ಬೈಜಾನಿನ ರಾಜಧಾನಿ ಬಾಕುವಿಗೆ ಸಿಕ್ಕಿದ್ದು ಹನ್ನೊಂದು ತಿಂಗಳು. ಬಡ ದೇಶಗಳಿಗೆ ಕೊಡಬೇಕಾದ ಹವಾಮಾನ ಹಣಕಾಸಿನ ಹೊಸ ಗುರಿಯಂಥ ಕಠಿಣ ವಿಷಯಕ್ಕೆ ಆ ಅವಧಿ ಸಾಲದು. 2035ರ ವೇಳೆಗೆ ವರ್ಷಕ್ಕೆ 30,000 ಕೋಟಿ ಡಾಲರ್ ಎಂಬ ನಿರ್ಣಯಕ್ಕೆ ಸುತ್ತಿಗೆ ಬಿದ್ದ ಮರುಕ್ಷಣವೇ ಭಾರತ, ನೈಜೀರಿಯಾ, ಬೊಲಿವಿಯಾ ಮೊದಲಾದ ದೇಶಗಳು ಎದ್ದು ವಿರೋಧಿಸಿದ್ದನ್ನು ಎಲ್ಲರೂ ನೋಡಿದ್ದೇವೆ. ಆತಿಥ್ಯದ ಜಗಳದಲ್ಲಿ ಕಳೆದುಹೋದ ತಿಂಗಳುಗಳು ಸಂಧಾನದ ತಿಂಗಳುಗಳೇ ಆಗಿದ್ದವು.

ಅಲೆಮಾರಿ

ಹವಾಮಾನದ ಆಚೆಗೂ ಒಮ್ಮೆ ಕಣ್ಣು ಹಾಯಿಸೋಣ, ಜೀವವೈವಿಧ್ಯ ಒಪ್ಪಂದದವರು ಇದೇ ಹಾದಿಯಲ್ಲಿ ನಡೆದಿದ್ದಾರೆ. ಅವರ 15ನೇ ಸಮ್ಮೇಳನ ಚೀನಾದ ಕುನ್‌ಮಿಂಗ್‌ನಲ್ಲಿ ಆಗಬೇಕಿತ್ತು. ಕೋವಿಡ್‌ನಿಂದ ಮತ್ತೆ ಮತ್ತೆ ಮುಂದಕ್ಕೆ ಹೋಗಿ, ಕೊನೆಗೆ ನಿರ್ಣಾಯಕ ಭಾಗ 2022ರ ಡಿಸೆಂಬರ್‌ನಲ್ಲಿ ಆ ಒಪ್ಪಂದದ ಸಚಿವಾಲಯವಿರುವ ಮಾಂಟ್ರಿಯಲ್‌ನಲ್ಲಿ ನಡೆಯಿತು. ಪೀಠದಲ್ಲಿ ಚೀನಾದ ಸಚಿವ ಹುವಾಂಗ್ ರುನ್‌ಚಿಯು, ಆತಿಥ್ಯ ಕೆನಡಾದ್ದು. ಆ ದಿನಗಳಲ್ಲಿ ಚೀನಾ ಮತ್ತು ಕೆನಡಾಗಳ ರಾಜತಾಂತ್ರಿಕ ಸಂಬಂಧ ಚೆನ್ನಾಗಿರಲಿಲ್ಲ. ಹಾಗಿದ್ದೂ, 2030ರೊಳಗೆ ನೆಲ ಮತ್ತು ಕಡಲಿನ ಶೇ 30ರಷ್ಟನ್ನು ಸಂರಕ್ಷಿಸುವ ಗುರಿಯಿರುವ ಚೌಕಟ್ಟು ಅಲ್ಲಿ ಅಂಗೀಕಾರವಾಯಿತು, ಎರಡೂ ನಗರಗಳ ಹೆಸರನ್ನು ಹೊತ್ತುಕೊಂಡಿತು. ಹೊಣೆಗಳ ಗಡಿ ಸ್ಪಷ್ಟವಾಗಿದ್ದರೆ ಸ್ನೇಹವಿಲ್ಲದ ದೇಶಗಳೂ ಜೊತೆಗೆ ಕೆಲಸ ಮಾಡಬಲ್ಲವು ಎಂಬುದಕ್ಕೆ ಇದು ಸಾಕ್ಷಿ.

ಆ ಸಭೆಯಲ್ಲೂ ಕಾಂಗೊ ಗಣರಾಜ್ಯದ ಪ್ರತಿನಿಧಿಯ ಆಕ್ಷೇಪದ ನಡುವೆಯೇ ಸುತ್ತಿಗೆ ಬಿತ್ತು ಎಂಬುದನ್ನು ಕಡತ ಅವರು ನೆನಪಿಸುತ್ತಾರೆಂದು ಗೊತ್ತು.

ಕಡತ

ನೆನಪಿಸಬೇಕೆಂದೇ ಇದ್ದೆ. ಅದು ಕಾಂಗೊ ಪ್ರಜಾಸತ್ತಾತ್ಮಕ ಗಣರಾಜ್ಯ, ಪಕ್ಕದ ಕಾಂಗೊ ಗಣರಾಜ್ಯ ಬೇರೆ ದೇಶ. ಆಕ್ಷೇಪ ಎತ್ತಿದ ಆ ಪ್ರಜಾಸತ್ತಾತ್ಮಕ ಗಣರಾಜ್ಯವೇ 2022ರಲ್ಲಿ ಈಜಿಪ್ಟ್ ಅಧ್ಯಕ್ಷತೆಯ ಕಾಪ್ 27ಕ್ಕೆ ಕಿನ್‌ಶಾಸಾದಲ್ಲಿ ಪೂರ್ವಭಾವಿ ಸಭೆ ನಡೆಸಿಕೊಟ್ಟಿತ್ತು, ಆಫ್ರಿಕಾದೊಳಗಿನ ಹಂಚಿಕೆಗೆ ಅದೊಂದು ಉದಾಹರಣೆ.

ಇನ್ನು ಏನನ್ನು ಬರೆದಿಡಬೇಕು ಎಂಬುದಕ್ಕೆ ಬರುತ್ತೇನೆ. ಆತಿಥೇಯ ದೇಶ ಮತ್ತು ಸಚಿವಾಲಯದ ನಡುವೆ ಒಂದು ಕಾನೂನುಬದ್ಧ ಒಪ್ಪಂದವಾಗುತ್ತದೆ. ಸಂಧಾನ ನಡೆಯುವ ಆವರಣವಾದ ನೀಲಿ ವಲಯ ಸಭೆಯ ಅವಧಿಯಲ್ಲಿ ವಿಶ್ವಸಂಸ್ಥೆಯ ಅಧೀನಕ್ಕೆ ಬರುವುದು, ಪ್ರತಿನಿಧಿಗಳ ವೀಸಾ, ರಕ್ಷಣೆ, ವಿನಾಯಿತಿಗಳು, ಖರ್ಚಿನ ಲೆಕ್ಕ, ಎಲ್ಲವೂ ಅದರಲ್ಲಿರುತ್ತವೆ. ಬೆಲೆಂನಲ್ಲಿ ನವೆಂಬರ್ 20ರಂದು ಬೆಂಕಿ ಬಿದ್ದಾಗ ವಲಯದ ಹೊಣೆ ತಾತ್ಕಾಲಿಕವಾಗಿ ಬ್ರೆಜಿಲ್ ಸರ್ಕಾರದ ಕೈಗೆ ಮರಳಿತು. ಅಂಥ ವಿಪತ್ತಿನಲ್ಲೂ ಯಾರ ಆಜ್ಞೆ ನಡೆಯಬೇಕೆಂಬುದು ಸ್ಪಷ್ಟವಾಗಿತ್ತು. ಕಟ್ಟಡಕ್ಕೆ ಇಷ್ಟು ಸ್ಪಷ್ಟತೆ ಇರುವಾಗ ಕರಡಿಗೆ ಇಲ್ಲದಿರುವುದು ಸರಿಯಲ್ಲ.

ಪೀಠವನ್ನು ಹಂಚಿಕೊಳ್ಳುವ ದೇಶಗಳು ಕನಿಷ್ಠ ಮೂರು ಪ್ರಶ್ನೆಗಳಿಗೆ ಜೂನ್ ಸಭೆಯ ಹೊತ್ತಿಗೆ, ಎಲ್ಲ ದೇಶಗಳ ಎದುರು, ಉತ್ತರ ಕೊಡಬೇಕು ಎಂಬುದು ನನ್ನ ಬೇಡಿಕೆ. ಕೊನೆಯ ಕರಡಿಗೆ ಸಹಿ ಯಾರದು? ನಿರ್ಣಯವನ್ನು ಅಂಗೀಕರಿಸುವ ಪೂರ್ಣ ಅಧಿವೇಶನದ ಪೀಠದಲ್ಲಿ, ಮಾತಾಡಲು ನಾಮಫಲಕ ಎತ್ತಿದ ದೇಶಕ್ಕೆ ಅವಕಾಶ ಕೊಡುವವರು ಯಾರು? ಇಬ್ಬರ ನಡುವೆ ಒಪ್ಪಿಗೆಯಾಗದಿದ್ದರೆ ವಿಷಯ ಬ್ಯೂರೊಗೆ ಹೋಗಬೇಕೇ? ಬ್ಯೂರೊದ 11 ಸದಸ್ಯರಲ್ಲಿ ಐದೂ ಪ್ರಾದೇಶಿಕ ಗುಂಪುಗಳಿಂದ ಇಬ್ಬಿಬ್ಬರು, ದ್ವೀಪರಾಷ್ಟ್ರಗಳಿಂದ ಒಬ್ಬರು ಇರುವುದರಿಂದ ಇಂಥ ತಕರಾರನ್ನು ಕೇಳುವ ಅರ್ಹತೆ ಅದಕ್ಕಿದೆ ಎಂದು ನಾನು ಭಾವಿಸುತ್ತೇನೆ. ಸಂಧಾನದ ಪೂರ್ಣ ಅಧಿಕಾರ ಆಸ್ಟ್ರೇಲಿಯಾಕ್ಕೆ ಎಂದು ಹೇಳಿದ ಮೇಲೆ, ಅಧಿವೇಶನದ ಸುತ್ತಿಗೆ ಕುರುಮ್ ಅವರ ಕೈಯಲ್ಲಿರುವಾಗ, ಮೊದಲ ಎರಡು ಪ್ರಶ್ನೆಗಳಿಗೆ ಬೇರೆ ಬೇರೆ ಉತ್ತರ ಬರುವ ಸಾಧ್ಯತೆ ಇದೆ. 2010ರಲ್ಲಿ ಎಸ್ಪಿನೋಸಾ ಅವರಿಗೆ ಕರಡೂ ಸುತ್ತಿಗೆಯೂ ಎರಡೂ ತಮ್ಮದಾಗಿದ್ದವು.

ಸಿಂಪಿ

ಮೂರನೆಯ ಪ್ರಶ್ನೆ ನನಗೆ ಸರಿಯೆನಿಸಿತು. ಆದರೆ ಟರ್ಕಿ ಮತ್ತು ಆಸ್ಟ್ರೇಲಿಯಾ ಎರಡೂ ಒಂದೇ ಪ್ರಾದೇಶಿಕ ಗುಂಪಿನವು. ತಮ್ಮ ತಕರಾರನ್ನು ಆಫ್ರಿಕಾ, ಏಷ್ಯಾದ ಪ್ರತಿನಿಧಿಗಳ ಮುಂದೆ ಇಡಲು ಅವು ಒಪ್ಪುತ್ತವೆಯೇ?

ಮೂಡಣ

ಒಪ್ಪಬೇಕು, ಏಕೆಂದರೆ ಸಭೆ ಆ ಗುಂಪಿನ ಸ್ವತ್ತಲ್ಲ. 2027ರ ಸಭೆ ಇಥಿಯೋಪಿಯಾದ ಅಡಿಸ್ ಅಬಾಬಾದಲ್ಲಿ ಎಂದು ಬೆಲೆಂನಲ್ಲೇ ತೀರ್ಮಾನವಾಗಿದೆ. ಅಂತಾಲ್ಯದಲ್ಲಿ ಅರ್ಧಕ್ಕೆ ನಿಂತದ್ದನ್ನು ಎತ್ತಿಕೊಳ್ಳಬೇಕಾದವರು ಆಫ್ರಿಕಾದವರೇ, ಹಾಗಾಗಿ ಇಥಿಯೋಪಿಯಾದ ತಂಡವನ್ನು ಈಗಿನಿಂದಲೇ ಸಂಧಾನದ ಕೋಣೆಗೆ ಕರೆದು ಕೂರಿಸುವುದು ನ್ಯಾಯ. ದುಬೈ, ಬಾಕು ಮತ್ತು ಬೆಲೆಂ ಸಭೆಗಳ ಅಧ್ಯಕ್ಷತೆಗಳು ತ್ರಿವಳಿಯಾಗಿ ಕೆಲಸ ಮಾಡಿದ ಪೂರ್ವನಿದರ್ಶನವೂ ಇದೆ.

ಪೆಸಿಫಿಕ್‌ನ ಪೂರ್ವಭಾವಿ ಸಭೆಯ ಬಗ್ಗೆ ನನ್ನ ಕೊರಗನ್ನು ಮೊದಲೇ ಹೇಳಿದ್ದೇನೆ. ಆದರೂ ಆ ಸಭೆಯಲ್ಲಿ ದ್ವೀಪಗಳ ಹಣಕಾಸಿನ ಅಗತ್ಯಕ್ಕೆ ವಿಶೇಷ ಅಧಿವೇಶನವೊಂದಿರಬೇಕೆಂದೂ ಪೆಸಿಫಿಕ್ ರೆಸಿಲಿಯೆನ್ಸ್ ಫೆಸಿಲಿಟಿ ಎಂಬ ನಿಧಿಗೆ ದೇಶಗಳು ಅಲ್ಲಿ ವಾಗ್ದಾನ ಮಾಡಬೇಕೆಂದೂ ಒಪ್ಪಂದದಲ್ಲಿ ಸೇರಿಸಿದ್ದಾರೆ. ಟೊಂಗಾದಲ್ಲಿ ನೆಲೆಯಿರುವ, ದ್ವೀಪದವರೇ ನಡೆಸುವ ನಿಧಿ ಅದು. ಸಮುದ್ರದ ತಡೆಗೋಡೆ, ಮಳೆನೀರಿನ ಸಂಗ್ರಹದಂಥ ಸಣ್ಣ ಕೆಲಸಗಳಿಗೆ, ದೊಡ್ಡ ನಿಧಿಗಳ ಅರ್ಜಿ ತುಂಬುವ ಶಕ್ತಿಯಿಲ್ಲದ ಹಳ್ಳಿಗಳಿಗೆ ಹಣ ತಲುಪಿಸುವುದು ಅದರ ಉದ್ದೇಶ. ಟರ್ಕಿ, ಆಸ್ಟ್ರೇಲಿಯಾ ಎರಡೂ ಆ ಅಧಿವೇಶನಕ್ಕೆ ತಮ್ಮ ಹಣಕಾಸು ಸಚಿವರನ್ನೇ ಕಳಿಸಲಿ, ಉಳಿದ ಶ್ರೀಮಂತ ದೇಶಗಳಿಂದಲೂ ಅದನ್ನೇ ಕೇಳಲಿ. ಪರಿಸರ ಸಚಿವರು ಮಾತ್ರ ಬಂದು, ದಂಡೆಯಲ್ಲಿ ನಿಂತು ಚಿತ್ರ ತೆಗೆಸಿಕೊಂಡು ಹೋದರೆ ತುವಾಲುವಿನ ತಡೆಗೋಡೆ ಒಂದು ಅಡಿಯೂ ಉದ್ದವಾಗುವುದಿಲ್ಲ.